ಕಿವಿಗೊಂದು ಸಿಂಬಿ

"ಏನವ್ವಾ ಇದು, ಕಣ್ಣಿಗಿ ಹಚ್ಚೋ ಕಾಡಿಗಿ ಕಿವಿಗಿ ಹಚ್ಕೊಂಡೀ?"

ಅವ್ವ ಹೀಗೆ ಕೇಳಿದ ಮೇಲೆ ಕನ್ನಡಿ ನೋಡಿಕೊಂಡೆ. ಎರಡೂ ಕಿವಿಯ ಹಿಂದೆ, ಕೆನ್ನೆಯ ಅಂಚಿನಲ್ಲಿ ಕಪ್ಪು ಚೂರುಗಳು. ಬೆರಳಿನಿಂದ ಒರೆಸಿದರೆ ಇನ್ನಷ್ಟು ಹರಡಿದವು. ಎರಡೂವರೆ ವರ್ಷದಿಂದ ದಿನಕ್ಕೆ ಐದಾರು ತಾಸು ನನ್ನ ತಲೆಯ ಮೇಲೆ ಕೂತಿದ್ದ ಹೆಡ್‌ಫೋನು ಹಾವು ಪೊರೆ ಬಿಟ್ಟ ಹಾಗೆ ಸಿಪ್ಪೆ ಬಿಡುತ್ತಿತ್ತು.

ಹೆಡ್‌ಫೋನ್ ಇಟ್ಟುಕೊಂಡ ಬಹಳ ಮಂದಿಗೆ ಇದು ಗೊತ್ತಿರುವ ಸಂಗತಿಯೇ. ಸೌಂಡ್ ಚೆನ್ನಾಗಿದೆ, ಬ್ಲೂಟೂತ್ ಸರಿಯಿದೆ, ಬ್ಯಾಟರಿ ಇಡೀ ದಿನ ಬರುತ್ತದೆ. ಕಿವಿಗೆ ತಾಗುವ ಮೆತ್ತೆ ಮಾತ್ರ ಕಿತ್ತುಹೋಗಿದೆ. ಆಫೀಸಿನ ಗೆಳೆಯರ ಗ್ರೂಪಿಗೆ ಫೋಟೊ ಹಾಕಿದೆ. ಎಲ್ಲರದೂ ಒಂದೇ ಉತ್ತರ: "ಹೊಸದು ತಗೋ, ಸೇಲ್ ನಡೀತಿದೆ." ಹೊಸದಕ್ಕೆ ₹18,000. ಬರೀ ಪ್ಯಾಡ್ ಹುಡುಕಿ ನೋಡಿದೆ, ಜೋಡಿಗೆ ₹900.

ಕಟ್ಟೆ ಮೇಲೆ ಕೂತಿದ್ದ ಅಪ್ಪನ ಕೈಗೆ ಹೆಡ್‌ಫೋನ್ ಕೊಟ್ಟು, ಕಿವಿಯ ಹತ್ತಿರ ಬಗ್ಗಿ ಜೋರಾಗಿಯೇ ವಿಷಯ ಹೇಳಿದೆ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಅಂದ:

"ಪಟ್ಟಾ ಹರದ್ರ ಗಿರಣೀನ ಒಗೀತಾರೇನು?"

ಅಪ್ಪ ಪಾಮನಕಲ್ಲೂರಿನಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಗಿರಣಿಯಲ್ಲಿ ಪಟ್ಟಾ ಹರಿಯುತ್ತದೆ, ಬೇರಿಂಗ್ ಸವೆಯುತ್ತದೆ, ಬೀಸುವ ಕಲ್ಲು ನುಣ್ಣಗಾಗುತ್ತದೆ. ಪಟ್ಟಾ ಬದಲಿಸುತ್ತಾರೆ, ಕಲ್ಲಿಗೆ ಉಳಿ ಸುತ್ತಿಗೆ ಹಿಡಿದು ಮತ್ತೆ ಕಚ್ಚು ಹಾಕುತ್ತಾರೆ. ಮೋಟರು ಹಾಗೇ ತಿರುಗುತ್ತಿರುತ್ತದೆ. ಸವೆಯುವ ಭಾಗ ಯಾವುದು, ಉಳಿಯುವ ಭಾಗ ಯಾವುದು ಅನ್ನುವುದು ಅವನಿಗೆ ನನ್ನ ಇಂಜಿನಿಯರಿಂಗ್ ಡಿಗ್ರಿಗಿಂತ ಮೊದಲೇ ಗೊತ್ತಿತ್ತು.

ಅದೇ ರಾತ್ರಿ ಪ್ಯಾಡ್ ಆರ್ಡರ್ ಮಾಡಿದೆ.

ಈ ಮೆತ್ತೆ ಯಾಕೆ ಹೀಗೆ ಕಿತ್ತುಬರುತ್ತದೆ? ಮೇಲಿರುವುದು ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ತೆಳು ಪದರ. ಡಬ್ಬಿಯ ಮೇಲೆ 'ಪ್ರೋಟೀನ್ ಲೆದರ್' ಅಂತ ಚಂದದ ಹೆಸರಿರುತ್ತದೆ. ಬೈಕ್ ಸೀಟಿನ ರೆಗ್ಜಿನ್ ಇದೆಯಲ್ಲ, ಅದರ ದೂರದ ನೆಂಟ. ಗಾಳಿಯಲ್ಲಿರುವ ತೇವ, ಮೈಯ ಬೆವರು ಈ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಯನ್ನು ನಿಧಾನಕ್ಕೆ ತುಂಡು ಮಾಡುತ್ತವೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ ಹೈಡ್ರಾಲಿಸಿಸ್ ಇದೇ. ಬಿಸಿ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ಹೀಗಾಗಿ ಒಂದು ದಿನವೂ ಹಾಕಿಕೊಳ್ಳದೆ ಕಪಾಟಿನಲ್ಲಿಟ್ಟ ಹೆಡ್‌ಫೋನಿನ ಮೆತ್ತೆ ಕೂಡ ಕೆಲವು ವರ್ಷಕ್ಕೆ ಪುಡಿಯಾಗುವುದುಂಟು. ಇನ್ನು ನಮ್ಮ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಬೇಸಿಗೆ ಗೊತ್ತಲ್ಲ. 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟ್ ಇಲ್ಲ, ಫ್ಯಾನ್ ನಿಂತಿದೆ, ತಲೆಗೆ ಅವ್ವ ಹಚ್ಚಿದ ಕೊಬ್ಬರಿ ಎಣ್ಣೆ. ಆ ತೆಳು ಪದರ ಎಷ್ಟು ದಿನ ತಾಳೀತು?

ಸಿಪ್ಪೆ ಕಣ್ಣಿಗೆ ಕಾಣುತ್ತದೆ. ಕಾಣದೆ ಹಾಳಾಗುವುದು ಒಳಗಿನ ಸ್ಪಂಜು. ಒಳ್ಳೆಯ ಪ್ಯಾಡ್‌ಗಳಲ್ಲಿ ಮೆಮೊರಿ ಫೋಮ್ ಇರುತ್ತದೆ. 1960ರ ದಶಕದಲ್ಲಿ ನಾಸಾಗಾಗಿ ವಿಮಾನದ ಸೀಟಿನ ಕೆಲಸ ಮಾಡುವಾಗ ಚಾರ್ಲ್ಸ್ ಯೋಸ್ಟ್ ಅನ್ನುವ ಇಂಜಿನಿಯರ್ ಮಾಡಿದ್ದು ಅದು. ಒತ್ತಿದರೆ ಮೆಲ್ಲಗೆ ತಗ್ಗಿ, ಬಿಟ್ಟರೆ ಮೆಲ್ಲಗೆ ಏಳುವ ಗುಣ ಅದರದ್ದು. ಎರಡು ಮೂರು ವರ್ಷ ದಿನವೂ ಒತ್ತಿಸಿಕೊಂಡ ಮೇಲೆ ಏಳುವುದನ್ನು ಬಿಡುತ್ತದೆ. ಆಗ ಮೆತ್ತೆಯ ಆಳ ಕಡಿಮೆಯಾಗಿ, ಒಳಗಿನ ಗಟ್ಟಿ ಭಾಗಕ್ಕೆ ಕಿವಿ ತಾಗುತ್ತದೆ. ನನಗೆ ದಿನಾ ಸಂಜೆ ಬರುತ್ತಿದ್ದ ಕಿವಿ ನೋವಿನ ಮೂಲ ಅಲ್ಲಿತ್ತು.

ಅವ್ವನಿಗೆ ಇದನ್ನು ವಿವರಿಸಲು ಒಂದೇ ಶಬ್ದ ಸಾಕಾಯ್ತು: ಸಿಂಬಿ. ಕೊಡ ಹೊರುವ ಮುಂಚೆ ಹಳೇ ಸೀರೆಯ ತುಂಡನ್ನು ಸುರುಳಿ ಸುತ್ತಿ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬಿ. ಕೊಡದ ಭಾರ ಅಷ್ಟೇ ಇರುತ್ತದೆ, ಆದರೆ ಅದು ಒಂದೇ ಜಾಗಕ್ಕೆ ಬೀಳದೆ ಸುತ್ತ ಹಂಚಿಹೋಗುತ್ತದೆ. ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಅಂತ ನಾವು ಓದಿದ ಸೂತ್ರವನ್ನು ಅವಳು ದಿನಾ ತಲೆಯ ಮೇಲೆ ಹೊತ್ತವಳು. "ಸಿಂಬಿ ಮೆತ್ತಗಾದ್ರ ಕುತಿಗಿ ನೋಯ್ತದ. ಬಿರುಸಾದ್ರ ನೆತ್ತಿ ನೋಯ್ತದ" ಅಂದಳು. ಕೊಡ ಅಲ್ಲಾಡಿದರೆ ಕುತ್ತಿಗೆ ತಾನೇ ಸಂಭಾಳಿಸಬೇಕು. ಪ್ಯಾಡ್ ಕೊಳ್ಳುವಾಗ ತೀರಾ ಮೆತ್ತಗಿನದು ಬೇಡ ಅಂತ ನಾನು ನಿರ್ಧರಿಸಿದ್ದು ಆ ಮಾತಿನ ಮೇಲೆ.

ಹೆಡ್‌ಫೋನ್‌ಗೆ ಸಿಂಬಿ ಶುರುವಿನಿಂದ ಇರಲಿಲ್ಲ. 1910ರ ಹೊತ್ತಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯೆಲ್ ಬಾಲ್ಡ್‌ವಿನ್ ಅನ್ನುವವರು ತಮ್ಮ ಮನೆಯ ಅಡುಗೆಕೋಣೆಯಲ್ಲೇ ಹೆಡ್‌ಫೋನ್ ಮಾಡಿ ಅಲ್ಲಿನ ನೌಕಾಪಡೆಗೆ ಮಾರಿದರು. ರೇಡಿಯೊದ ಆ ಮೊದಲ ದಿನಗಳಲ್ಲಿ ಕಿವಿಗೆ ತಾಗುತ್ತಿದ್ದದ್ದು ಗಟ್ಟಿ ಬಿಲ್ಲೆ. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗ ಜೊತೆಗಿದ್ದ ಹಗುರ ಹೆಡ್‌ಫೋನ್‌ಗೆ ತೆಳು ಸ್ಪಂಜಿನ ಟೋಪಿ ಇತ್ತು. ಅವೆಲ್ಲ ಸ್ವಲ್ಪ ಹೊತ್ತು ಕೇಳಿ ತೆಗೆದಿಡುವ ಕಾಲದವು. ಬೆಳಗಿನ ಸ್ಟ್ಯಾಂಡಪ್‌ನಿಂದ ರಾತ್ರಿಯ ಅಮೆರಿಕ ಕಾಲ್‌ವರೆಗೆ ತಲೆಯಿಂದ ಇಳಿಸದ ನಮ್ಮಂಥವರಿಗೆ ಮೆತ್ತೆ ಅನ್ನುವುದು ಕೂರುವ ಕುರ್ಚಿಯಷ್ಟೇ ಮುಖ್ಯ.

ಇಷ್ಟೇ ಆಗಿದ್ದರೆ ಇದು ₹17,100 ಉಳಿತಾಯದ ಕಥೆಯಾಗುತ್ತಿತ್ತು. ಆದರೆ ಸವೆದ ಮೆತ್ತೆ ಇನ್ನೊಂದು ಕೆಲಸ ಮಾಡುತ್ತದೆ. ಕಿವಿಯ ಸುತ್ತ ಸಂದು ಬಿಡುತ್ತದೆ. ಸಂದಿನಿಂದ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನ ಬೇಸ್ ಹೊರಗೆ ಸೋರುತ್ತದೆ. ನಾವು ಏನು ಮಾಡುತ್ತೇವೆ? ವಾಲ್ಯೂಮ್ ಒಂದು ಗೆರೆ ಏರಿಸುತ್ತೇವೆ. ಮುಂದಿನ ತಿಂಗಳು ಇನ್ನೊಂದು. ನನ್ನ ಫೋನಿನ ಹದಿನಾರು ಗೆರೆಯಲ್ಲಿ ಮೊದಲೆಲ್ಲ ಎಂಟಕ್ಕೆ ಸಾಕಾಗುತ್ತಿದ್ದದ್ದು ಆ ಏಪ್ರಿಲ್‌ನಲ್ಲಿ ಹದಿಮೂರರಲ್ಲಿ ಇತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ತಾಸು. ಡೆಸಿಬೆಲ್ ಅನ್ನುವುದು ಏಣಿಯ ಮೆಟ್ಟಿಲಿನಂತೆ ಸಮಸಮ ಏರುವುದಿಲ್ಲ. ಪ್ರತಿ 3 ಡೆಸಿಬೆಲ್‌ಗೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ವಾರಕ್ಕೆ 30 ತಾಸು ಹೆಡ್‌ಫೋನ್ ಹಾಕುವವರಿಗೆ ವಾಲ್ಯೂಮಿನ ನಾಲ್ಕೈದು ಗೆರೆ ಸಣ್ಣ ವಿಷಯವಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಇದರ ಅರ್ಥ ಏನು ಅಂತ ನನಗೆ ಯಾವ ವರದಿಯೂ ಹೇಳಬೇಕಿರಲಿಲ್ಲ. ಎದುರಿಗೆ ಅಪ್ಪ ಕೂತಿದ್ದ.

ಮೂವತ್ತು ವರ್ಷದ ಗಿರಣಿ ಅಪ್ಪನ ಕಿವಿ ತಿಂದಿದೆ. ಪೂರ್ತಿ ಕಿವುಡನಲ್ಲ. ಟ್ರ್ಯಾಕ್ಟರ್ ಬಂದದ್ದು ಕೇಳುತ್ತದೆ, ಎಮ್ಮೆ ಕೂಗಿದ್ದು ಕೇಳುತ್ತದೆ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಸದ್ದಿನಿಂದ ಹಾಳಾಗುವ ಕಿವಿ ಮೊದಲು ಕಳೆದುಕೊಳ್ಳುವುದು ತೆಳು, ಏರು ದನಿಗಳನ್ನು. ಮಾತಿನಲ್ಲಿ ಅಂದರೆ ಸ, ಶ, ತ ಥರದ ಅಕ್ಷರಗಳು. ಅವ್ವ "ಸಕ್ರಿ ತೊಗೊಂಡ್ ಬರ್ರಿ" ಅಂದರೆ ಅಪ್ಪ ಅಕ್ಕಿ ತರುತ್ತಾನೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ, ಅಪ್ಪನೂ ನಗುತ್ತಾನೆ. ಆದರೆ ಮದುವೆ ಮನೆಯಲ್ಲಿ, ಊರ ಕಟ್ಟೆಯಲ್ಲಿ ಹತ್ತು ಜನರ ನಡುವೆ ಕೂರುವುದನ್ನು ಅವನು ಬಿಟ್ಟು ಎರಡು ವರ್ಷ ಆಗಿತ್ತು.

ಒಮ್ಮೆ ಕೇಳಿದ್ದೆ, ಆಗೆಲ್ಲ ಕಿವಿಗೆ ಅರಳೆಯಾದರೂ ಇಟ್ಟುಕೊಳ್ಳಬಾರದಿತ್ತಾ ಅಂತ. "ಕಿವಿ ಮುಚ್ಕೊಂಡ್ರ ಕಲ್ಲು ಖಾಲಿ ತಿರುಗೋದು ಹೆಂಗ್ ಗೊತ್ತಾಗ್ತದ?" ಅಂದ. ಕಾಳು ಮುಗಿದಾಗ ಕಲ್ಲಿನ ದನಿ ಬದಲಾಗುತ್ತದೆ. ಹಿಟ್ಟು ದಪ್ಪ ಬೀಳುತ್ತಿದೆಯೋ ಸಣ್ಣ ಬೀಳುತ್ತಿದೆಯೋ ಅನ್ನುವುದೂ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ಕೇಳುವುದೇ ಅವನ ಕೆಲಸವಾಗಿತ್ತು. ಕೇಳಿ ಕೇಳಿಯೇ ಕಿವಿ ಹೋಯ್ತು.

ಪ್ಯಾಡ್ ಆರನೇ ದಿನಕ್ಕೆ ಪೋಸ್ಟಿನಲ್ಲಿ ಊರಿಗೇ ಬಂತು. ನೀವೂ ಬದಲಿಸುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ ಒಂದಷ್ಟು ಹೇಳುತ್ತೇನೆ.

ಮೊದಲು ನಿಮ್ಮ ಹೆಡ್‌ಫೋನಿನ ಪೂರ್ತಿ ಮಾಡೆಲ್ ಹೆಸರು ಹಾಕಿ ಹುಡುಕಿ. ಅಳತೆ ಸರಿಹೋದರೆ ಸಾಲದು, ಕೂರುವ ರೀತಿಯೂ ಒಂದೇ ಇರಬೇಕು. ಆಡಿಯೊ ಟೆಕ್ನಿಕಾ ಎಂ50ಎಕ್ಸ್‌ನಲ್ಲಿ ಪ್ಯಾಡಿನ ಹಿಂದಿನ ಅಂಚನ್ನು ದಿಂಬಿನ ಗವಸಿನಂತೆ ಎಳೆದು ಗಾಡಿಯೊಳಗೆ ಕೂರಿಸಬೇಕು. ಸೋನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ4ನಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಕೊಂಡಿಗಳಿವೆ, ಒತ್ತಿದರೆ ಟಕ್ ಅಂತ ಕೂರುತ್ತವೆ. ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಅಯಸ್ಕಾಂತ. ಕೈಯಲ್ಲೇ ಬಿಚ್ಚಿ ಹಾಕಬಹುದು.

ಬಟ್ಟೆ ಯಾವುದು ಅನ್ನುವುದು ಎರಡನೇ ಪ್ರಶ್ನೆ. ಲೆದರ್ ಥರದ್ದು ಕಿವಿಯ ಸುತ್ತ ಗಾಳಿಯಾಡದಂತೆ ಮುಚ್ಚುತ್ತದೆ. ಬೇಸ್ ಚೆನ್ನಾಗಿ ಬರುತ್ತದೆ, ಹೊರಗಿನ ಸದ್ದು ಕಡಿಮೆ, ಆದರೆ ಸೆಕೆ. ವೆಲೂರ್ ಅಂದರೆ ಮಖಮಲ್ಲಿನ ಥರದ್ದು ತಂಪು, ಆದರೆ ಸೋರುತ್ತದೆ, ಬೇಸ್ ತೆಳುವಾಗುತ್ತದೆ. ದಪ್ಪ ಪ್ಯಾಡ್ ಹಾಕಿದರೆ ಸ್ಪೀಕರ್ ಕಿವಿಯಿಂದ ದೂರ ಸರಿದು ದನಿಯ ರುಚಿಯೇ ಬದಲಾಗಬಹುದು. ನಾಯ್ಸ್ ಕ್ಯಾನ್ಸಲಿಂಗ್ ಇರುವ ಹೆಡ್‌ಫೋನ್ ಆದರೆ ಇನ್ನೂ ಜೋಪಾನ. ಅದರೊಳಗಿನ ಮೈಕ್ ಲೆಕ್ಕ ಹಾಕುವುದು ಕಂಪನಿಯ ಮೂಲ ಪ್ಯಾಡ್‌ನ ಆಳ, ಮುಚ್ಚುವಿಕೆ ನೋಡಿ. ಅದಕ್ಕೆ ಹೊಂದದ ಪ್ಯಾಡ್ ಹಾಕಿದರೆ ಫ್ಯಾನಿನ ಗುಂಯ್ ಸದ್ದು ಮತ್ತೆ ಒಳಗೆ ಬರುತ್ತದೆ.

ಕನ್ನಡಕ ಹಾಕುವವರಿಗೆ, ಕಿವಿಯೋಲೆ ಇಡುವವರಿಗೆ ಆಳ ಮುಖ್ಯ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಅಲ್ಲೊಂದು ಸಂದು ಮಾಡುತ್ತದೆ, ಕಪಾಳಕ್ಕೂ ಒತ್ತುತ್ತದೆ. ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತದೆ. ನನಗೆ ಎರಡೂ ಇವೆ. ಕಿವಿ ಪೂರ್ತಿ ಒಳಗೆ ಕೂರುವಷ್ಟು ಅಗಲ, ಕಡ್ಡಿಯ ಸುತ್ತ ಮಡಿಚಿಕೊಳ್ಳುವಂಥ ಮೆಮೊರಿ ಫೋಮ್, ಮೇಲೆ ಲೆದರ್ ಥರದ ಹೊದಿಕೆ ಇರುವುದನ್ನು ಆರಿಸಿದೆ.

ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ಬೇಡ. ಹಳೇ ಎಟಿಎಂ ಕಾರ್ಡಿನ ಮೂಲೆಯನ್ನು ಅಂಚಿಗೆ ಹೊಗಿಸಿ ಮೆಲ್ಲಗೆ ಎತ್ತಿದರೆ ಕೊಂಡಿ ಬಿಡುತ್ತದೆ. ಒಳಗೆ ಕೂತ ಧೂಳನ್ನು ಒಣ ಬ್ರಶ್‌ನಿಂದ ಒರೆಸಿ, ನೀರು ಮುಟ್ಟಿಸಬೇಡಿ. ಎಡ ಬಲ ನೋಡಿಕೊಂಡು ಸುತ್ತಲೂ ಒತ್ತಿ. ಹತ್ತು ನಿಮಿಷದ ಕೆಲಸ. ಅವ್ವ ಪಕ್ಕದಲ್ಲಿ ಕೂತು ನೋಡಿ, ಮರುದಿನವೇ ಅಪ್ಪನ ಹಳೇ ಧೋತರದ ಬಟ್ಟೆಯಲ್ಲಿ ಎಲಾಸ್ಟಿಕ್ ಹಾಕಿ ಎರಡು ಜೊತೆ ಗವಸು ಹೊಲಿದಳು. ಕೌದಿ ಹೊಲಿಯುವ ಕೈಗೆ ಅದೇನು ಮಹಾ. ಗವಸು ಹಾಕಿದರೆ ಬೇಸ್ ಸ್ವಲ್ಪ ಸೋರುತ್ತದೆ, ಮೀಟಿಂಗ್‌ಗೆ ಅದರ ಗೊಡವೆಯಿಲ್ಲ. ಬೆವರು ಬಟ್ಟೆಗೆ ಹೋಗುತ್ತದೆ, ದಿನಾ ತೊಳೆದು ಹಾಕಬಹುದು. ಹಾಡು ಕೇಳುವಾಗ ತೆಗೆಯುತ್ತೇನೆ. ವಾಲ್ಯೂಮ್ ಮತ್ತೆ ಎಂಟಕ್ಕೆ ಇಳಿದಿದೆ.

ಇದನ್ನೆಲ್ಲ ಅಪ್ಪ ದೂರದಿಂದ ನೋಡುತ್ತಿದ್ದ. ಸಂಜೆ ಗೂಡಿನಿಂದ ಒಂದು ಸಣ್ಣ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟ. "ಇದಕ್ಕೂ ಮೆತ್ತಿ ಬದಲಿ ಮಾಡಾಕ ಬರ್ತದೇನು ನೋಡು."

ಕಿವಿ ಮಷಿನ್ನು. ಎರಡು ವರ್ಷದ ಹಿಂದೆ ತಪಾಸಣೆ ಮಾಡಿಸಿ ತಂದದ್ದು. ಹದಿನೈದು ದಿನ ಹಾಕಿ ಗೂಡಿಗೆ ಸೇರಿಸಿದ್ದ. ಯಾಕೆ ಅಂದರೆ ಆಗೆಲ್ಲ "ಒಲ್ಲೆ" ಅನ್ನುವುದು ಬಿಟ್ಟರೆ ಬೇರೆ ಉತ್ತರವಿರಲಿಲ್ಲ. ಅವತ್ತು ಬಾಯಿ ಬಿಟ್ಟ: "ಕಿವ್ಯಾಗ ಬಿರಡಿ ಬಡದಂಗ ಆಗ್ತದ. ನನ್ನ ಮಾತು ನನಗ ಹಗೇವಿನ್ಯಾಗಿಂದ ಬಂದಂಗ ಕೇಳ್ತದ. ರೊಟ್ಟಿ ಕಡದ್ರ ಗಿರಣಿ ಸುರು ಆದಂಗ."

ಜೋಳ ತುಂಬಿಡುವ ಹಗೇವಿನೊಳಗೆ ಇಳಿದು ಮಾತಾಡಿದ ಹಾಗೆ. ಇದಕ್ಕಿಂತ ಸರಿಯಾದ ವರ್ಣನೆ ಯಾವ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಕಿವಿಯ ದಾರಿಯನ್ನು ಬಿಗಿಯಾಗಿ ಮುಚ್ಚಿದರೆ ನಮ್ಮದೇ ಮಾತಿನ, ಅಗಿಯುವಿಕೆಯ ಕಂಪನ ಎಲುಬಿನ ಮೂಲಕ ಒಳಗೆ ಬಂದು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಮೊಳಗುತ್ತದೆ. ಈಗಲೇ ಎರಡೂ ಕಿವಿಗೆ ಬೆರಳಿಟ್ಟು ಮಾತಾಡಿ ನೋಡಿ, ತಿಳಿಯುತ್ತದೆ. ನನ್ನ ಹೆಡ್‌ಫೋನಿನ ತೊಂದರೆ ಸಂದು ಇದ್ದದ್ದು. ಅಪ್ಪನ ಮಷಿನ್ನಿನ ತೊಂದರೆ ಸಂದು ಇಲ್ಲದ್ದು.

ಕಿವಿಯೊಳಗೆ ಹೋಗುವ ಸಿಲಿಕೋನ್ ತುದಿಯನ್ನು ಡೋಮ್ ಅನ್ನುತ್ತಾರೆ. ಅದರಲ್ಲಿ ದೊಡ್ಡದು, ಸಣ್ಣದು ಅಂತ ಅಳತೆಗಳಿವೆ. ಪೂರ್ತಿ ಮುಚ್ಚುವುದು, ತೂತಿರುವುದು ಅಂತ ಬಗೆಗಳಿವೆ. ಆದರೆ ಹೆಡ್‌ಫೋನ್ ಪ್ಯಾಡಿನ ಹಾಗೆ ಮನೆಯಲ್ಲೇ ಬದಲಿಸುವಂತಿಲ್ಲ. ಡೋಮ್ ಬದಲಾದರೆ ಮಷಿನ್ನಿನ ಸೆಟ್ಟಿಂಗ್ ಕೂಡ ಬದಲಾಗಬೇಕು. ವಾರದೊಳಗೆ ಅಪ್ಪನನ್ನು ಆಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದೆ.

ಮತ್ತೆ ತಪಾಸಣೆ. ಅಲ್ಲೂ ಹೆಡ್‌ಫೋನ್, ಅದಕ್ಕೂ ದಪ್ಪ ರಬ್ಬರಿನ ಮೆತ್ತೆ. ಅದು ಸರಿಯಾಗಿ ಕೂರದಿದ್ದರೆ ತಪಾಸಣೆಯ ಅಂಕಿಯೇ ತಪ್ಪಾಗುತ್ತದೆ ಅಂತ ಅವರು ಅಪ್ಪನ ಕಿವಿಗೆ ಎರಡು ಸಲ ಹೊಂದಿಸಿ ಕೂರಿಸಿದರು. ಗ್ರಾಫ್ ತೋರಿಸಿದರು. ಕೆಳ ದನಿಗಳಲ್ಲಿ ಗೆರೆ ಹೆಚ್ಚುಕಡಿಮೆ ಸಮ, 4,000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ತಗ್ಗು. ಸದ್ದಿನಲ್ಲಿ ದುಡಿದ ಕಿವಿಗಳ ಗುರುತು ಅದು. ಕೆಳ ದನಿ ತಾನಾಗಿ ಕೇಳುವ ಇಂಥ ಕಿವಿಗೆ ಪೂರ್ತಿ ಮುಚ್ಚುವ ಡೋಮ್‌ಗಿಂತ ತೂತಿರುವ ಡೋಮ್ ಹಿತ ಅಂದರು. ಸಣ್ಣ ಅಳತೆಯದು ಹಾಕಿ, ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸಿ, "ಈಗ ಮಾತಾಡ್ರಿ" ಅಂದರು.

ಅಪ್ಪ ಏನು ಮಾತಾಡಬೇಕು ಗೊತ್ತಾಗದೆ, ತನ್ನದೇ ಊರು, ತನ್ನದೇ ಹೆಸರು ಹೇಳಿಕೊಂಡ. ಹೇಳಿ ಒಂದು ಗಳಿಗೆ ಸುಮ್ಮನೆ ಕೂತ. "ಹಗೇವಿನ್ಯಾಗಿಂದ ಮ್ಯಾಲ ಬಂದೆ" ಅಂದ.

ನಮ್ಮ ಕಡೆ ಎಷ್ಟು ಮನೆಗಳಲ್ಲಿ ಕಿವಿ ಮಷಿನ್ನು ಹೀಗೆ ಗೂಡಿನಲ್ಲಿ ಕೂತಿವೆಯೋ. ವಸ್ತು ಕೆಟ್ಟಿರುವುದಿಲ್ಲ, ಮೈಗೆ ತಾಗುವ ಒಂದು ಸಣ್ಣ ಭಾಗ ಹೊಂದಿರುವುದಿಲ್ಲ. ಕನ್ನಡಕದ ಮೂಗಿನ ಗುಂಡಿ, ಹೆಲ್ಮೆಟ್ಟಿನ ಒಳಮೆತ್ತೆ, ಕೈಕೋಲಿನ ಬುಡದ ರಬ್ಬರು, ಎಲ್ಲದಕ್ಕೂ ಇದೇ ಮಾತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆ ವಸ್ತು, ವಾಹನ ಅದರ ವ್ಯಾಪ್ತಿಯಲ್ಲಿದ್ದವು. ಬಿಡಿಭಾಗ ಸಿಗಬೇಕು, ಬದಲಿಸಿಕೊಳ್ಳಲು ಬರಬೇಕು ಅನ್ನುವ ಆಸೆ ಅದರಲ್ಲಿದೆ. ಒಂದು ವಸ್ತು ಕೊಳ್ಳುವಾಗ ನಾನೀಗ ಕೇಳುವ ಮೊದಲ ಪ್ರಶ್ನೆಯೂ ಅದೇ: ಸವೆಯುವ ಭಾಗ ಬೇರೆ ಸಿಗುತ್ತದಾ?

ಮೊನ್ನೆ ಫೋನ್ ಮಾಡಿದಾಗ ಅಪ್ಪನ ದೂರು ಬೇರೆಯೇ ಇತ್ತು. "ಊರಾಗ ಮಂದಿ ಇಷ್ಟ್ ಮಾತಾಡ್ತಾರಂತ ಗೊತ್ತೇ ಇರಲಿಲ್ಲ ನೋಡವ್ವಾ." ಕಟ್ಟೆಗೆ ಮತ್ತೆ ಹೋಗಿ ಕೂರುತ್ತಿದ್ದಾನೆ. ಡೋಮ್ ಸ್ವಚ್ಛ ಮಾಡುವುದು, ಕೆಲವು ತಿಂಗಳಿಗೊಮ್ಮೆ ಬದಲಿಸುವುದು ಈಗ ಅವನದೇ ಕೆಲಸ, ನಮ್ಮನ್ನು ಮುಟ್ಟಗೊಡುವುದಿಲ್ಲ. ಗಿರಣಿಯ ಪಟ್ಟಾ ಜೋಡಿಸುವ ಪಿನ್ನು ಇಡುತ್ತಿದ್ದ ತಗಡಿನ ಡಬ್ಬಿ ಒಂದಿದೆ. ಗಿರಣಿ ಹೋದ ಮೇಲೆ ಖಾಲಿ ಬಿದ್ದಿತ್ತು. ಅದರಲ್ಲೀಗ ಅದೇ ಅಳತೆಯ ಎರಡು ಜೊತೆ ಡೋಮ್ ಇವೆ. ಜೊತೆಗೆ ನನ್ನ ಹೆಡ್‌ಫೋನಿನ ಇನ್ನೊಂದು ಜೋಡಿ ಪ್ಯಾಡ್ ಕೂಡ. "ಇಲ್ಲೇ ಇರ್ಲಿ, ಬೆಂಗಳೂರಾಗ ಕಳಕೊಂತಿ" ಅಂತ ಅವನೇ ತೆಗೆದಿಟ್ಟುಕೊಂಡಿದ್ದಾನೆ.